ನಾಯ್ಸ್ ಹೋಯ್ತು, ಮೂಗೂ ಹೋಯ್ತು

ಹಳೇ ಸಿನಿಮಾವೊಂದನ್ನು 4ಕೆಗೆ ಏರಿಸಿ, ನಾಯಕನ ಮುಖವನ್ನು ನುಣ್ಣಗೆ ಮಾಡಿ ಬಿಟ್ಟಿದ್ದಾರೆ. ಯಾವುದು ಅಂತ ಹೇಳಬೇಕಾಗಿಲ್ಲ, ನೀವೂ ನೋಡಿರುತ್ತೀರಿ, ಈಗ ಬರುವುದೆಲ್ಲ ಹೆಚ್ಚುಕಮ್ಮಿ ಹಾಗೇ ಇದೆ. ವಯಸ್ಸಾದ ನಟನಿಗೆ ಒಂದು ಸುಕ್ಕಿಲ್ಲ, ಗಡ್ಡದ ಕೂದಲೆಲ್ಲ ಸೇರಿ ಒಂದೇ ಮುದ್ದೆ, ಮೂಗು ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರುವಾಯಿತು ಅಂತ ಕೇಳಬಾರದು. ಚಿತ್ರದ ಮೇಲೆ ಮಿಣುಕುವ ಸಣ್ಣ ಸಣ್ಣ ಚುಕ್ಕೆಗಳಿಗೆ ನಾಯ್ಸ್ ಅಂತಾರೆ. ಕೆಳಗೆ ಹೆಮ್ಮೆಯಿಂದ ಬರೆದಿದ್ದಾರೆ: ನಾಯ್ಸ್ ಪೂರ್ತಿ ತೆಗೆಯಲಾಗಿದೆ. ಹೌದು ಸ್ವಾಮಿ, ಕಾಣ್ತಾ ಇದೆ.

ವಿಡಿಯೋವನ್ನು ಕುಗ್ಗಿಸಿ ಫೈಲ್ ಮಾಡುವ ಎನ್‌ಕೋಡರ್‌ನ ಕಷ್ಟವೂ ನಿಜವೇ. ಅಕ್ಕಪಕ್ಕದ ಫ್ರೇಮ್‌ಗಳನ್ನು ನೋಡಿ ಈ ಫ್ರೇಮ್ ಹೇಗಿರಬಹುದು ಅಂತ ಊಹಿಸುವುದರಿಂದಲೇ ವಿಡಿಯೋ ಚಿಕ್ಕದಾಗೋದು. ನಾಯ್ಸ್ ಪ್ರತಿ ಫ್ರೇಮ್‌ನಲ್ಲೂ ಬೇರೆ, ಊಹೆಗೆ ಸಿಗಲ್ಲ, ಬಿಟ್‌ಗಳೆಲ್ಲ ಅದಕ್ಕೇ ಸುರಿದು ಹೋಗುತ್ತವೆ. ಹಾಗಾಗಿ ಮೊದಲು ಸ್ವಲ್ಪ ಡಿನಾಯ್ಸ್ ಮಾಡಿ, ಆಮೇಲೆ ಎನ್‌ಕೋಡ್ ಮಾಡಿ ಅನ್ನೋದು ಒಳ್ಳೆ ಸಲಹೆ. ಅದರಲ್ಲಿರುವ ‘ಸ್ವಲ್ಪ’ ಮಾತ್ರ ಯಾರ ಕಿವಿಗೂ ಬೀಳಲ್ಲ. ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಕುಗ್ಗಿಸುವ ಸಾಫ್ಟ್‌ವೇರ್‌ನಲ್ಲಿ, ನಾಯ್ಸ್ ತೆಗೆಯುವ ಎನ್‌ಎಲ್‌ಮೀನ್ಸ್ ಫಿಲ್ಟರ್‌ಗೆ ಅಲ್ಟ್ರಾಲೈಟ್, ಲೈಟ್, ಮೀಡಿಯಂ, ಸ್ಟ್ರಾಂಗ್ ಅಂತ ಸಾಲಾಗಿ ಇಟ್ಟಿದ್ದಾರೆ, ನಮ್ಮವರ ಕೈ ಸೀದಾ ಸ್ಟ್ರಾಂಗ್‌ಗೇ ಹೋಗುತ್ತೆ. ಕೆಲಸವಿಲ್ಲದ ಬಡಗಿ ಏನು ಕೆತ್ತಿದ ಅಂತ ನಿಮಗೆ ಗೊತ್ತೇ ಇದೆ.

ಮಜಾ ಇರೋದು ಆಮೇಲೆ. ನಾಯ್ಸ್ ಹೋದ ತಕ್ಷಣ ಆಕಾಶದಲ್ಲಿ ಪಟ್ಟಿ ಪಟ್ಟಿ ಕಾಣುತ್ತೆ. ಛಾಯೆಗಳು ಲೆಕ್ಕಕ್ಕಷ್ಟೇ ಇರುವ 8 ಬಿಟ್ ವಿಡಿಯೋದಲ್ಲಿ ಬಣ್ಣದ ಮೆಟ್ಟಿಲುಗಳು ಮೊದಲೂ ಇದ್ದವು, ಅವನ್ನು ಮುಚ್ಚಿಟ್ಟಿದ್ದೇ ಆ ಬಡಪಾಯಿ ನಾಯ್ಸ್. ಈಗ ಪಟ್ಟಿ ಹೋಗಲಿ ಅಂತ ಡಿಬ್ಯಾಂಡ್ ಫಿಲ್ಟರ್ ಹಾಕಬೇಕು. ಅದರ ಮೇಲೆ ಏನು ಹಾಕ್ತಾರೆ? ಒಂಚೂರು ನಾಯ್ಸ್! ಇಷ್ಟೆಲ್ಲ ಆದಮೇಲೆ ಎಕ್ಸ್264 ಅನ್ನೋ ಎನ್‌ಕೋಡರ್‌ನಲ್ಲಿ ‘ಟ್ಯೂನ್ ಗ್ರೇನ್’ ಆರಿಸುವ ಪುಣ್ಯಾತ್ಮರೂ ಇದ್ದಾರೆ. ಅದು ಇರೋದೇ ಗ್ರೇನ್, ಅಂದರೆ ಫಿಲ್ಮ್‌ನ ಸಹಜ ಕಣಕಣ, ಉಳಿಸಿಕೊಳ್ಳೋಕೆ. ಯಾವ ಗ್ರೇನ್ ಅಪ್ಪಾ? ಅದನ್ನು ನೀನೇ ಕಳಿಸಿ ಆಯ್ತಲ್ಲ.

2018ರಲ್ಲಿ ಬಂದ ಎವಿ1 ಅನ್ನೋ ವಿಡಿಯೋ ಕುಗ್ಗಿಸುವ ವಿಧಾನ ಇದನ್ನೇ ಒಂದು ಪದ್ಧತಿ ಮಾಡಿಬಿಟ್ಟಿತು. ಅಸಲಿ ಗ್ರೇನ್ ತೆಗೆದುಹಾಕು, ಅದು ಹೇಗಿತ್ತು ಅನ್ನೋದನ್ನು ನಾಲ್ಕಾರು ಅಂಕಿಗಳಲ್ಲಿ ಬರೆದು ಕಳಿಸು, ನೋಡುವವನ ಟಿವಿಯಲ್ಲಿ ಅದೇ ತರಹದ ನಕಲಿ ಗ್ರೇನ್ ಹುಟ್ಟಿಸು. ನೆಟ್ಟಗೆ ಮಾಡಿದರೆ ಚೆನ್ನಾಗೇ ಕಾಣುತ್ತೆ, ಅದನ್ನು ಒಪ್ಪಿಕೊಳ್ಳಬೇಕು. ಆದರೂ ಫಿಲ್ಮ್‌ನ ಬೆಳ್ಳಿಯ ಕಣಗಳನ್ನು ಕಸ ಅಂತ ಗುಡಿಸಿ, ಅದೇ ಜಾಗದಲ್ಲಿ ಲೆಕ್ಕ ಹಾಕಿ ಕಸ ಉದುರಿಸೋಕೆ ಇಷ್ಟು ದೊಡ್ಡ ದೊಡ್ಡ ಕಂಪನಿಗಳು ಒಟ್ಟಾಗಿ ಕೂತಿದ್ದವಲ್ಲ, ಅದಕ್ಕೊಂದು ನಮಸ್ಕಾರ.

ಇನ್ನು ನಂಬರ್ ಭಕ್ತರು. ಸಿಆರ್‌ಎಫ್ (ಗುಣಮಟ್ಟದ ಅಂಕಿ, ಕಡಿಮೆ ಇಟ್ಟಷ್ಟೂ ಚಿತ್ರ ಚೆನ್ನ) 18 ಇಟ್ಟರೆ ಸ್ವರ್ಗ, 19 ಇಟ್ಟರೆ ನರಕ. ಎಕ್ಸ್264ರ ಡೀಫಾಲ್ಟ್ 23, ಇನ್ನೊಂದು ಎನ್‌ಕೋಡರ್ ಎಕ್ಸ್265ರದ್ದು 28, ಎವಿ1ಕ್ಕೆ ಬಂದರೆ ಅಳತೆಯೇ 63ರವರೆಗೆ ಹೋಗುತ್ತೆ. ಒಂದರ 18ಕ್ಕೂ ಇನ್ನೊಂದರ 18ಕ್ಕೂ ಸಂಬಂಧವೇ ಇಲ್ಲ. ಹೇಳಿ ನೋಡಿ, ಹೊಡೆಯೋಕೇ ಬರ್ತಾರೆ. ಪ್ರಿಸೆಟ್, ಅಂದರೆ ಎನ್‌ಕೋಡರ್ ಎಷ್ಟು ನಿಧಾನವಾಗಿ ಕೆಲಸ ಮಾಡಬೇಕು ಅನ್ನೋ ಆಯ್ಕೆ, ಅದರ ಕಥೆ ಇನ್ನೂ ಚೆಂದ. ಅಲ್ಟ್ರಾಫಾಸ್ಟ್‌ನಿಂದ ಶುರುವಾಗಿ ವೆರಿಸ್ಲೋ ದಾಟಿದರೆ ಕೊನೆಯಲ್ಲಿ ಒಂದಿದೆ, ಹೆಸರೇ ಪ್ಲಾಸಿಬೊ, ಅಂದರೆ ಔಷಧಿ ಅಂತ ಕೊಡುವ ಸುಳ್ಳು ಗುಳಿಗೆ. ಮಾಡಿದವರೇ ನಗುತ್ತಾ ಇಟ್ಟ ಹೆಸರು, ಇದರಿಂದ ಏನೂ ಆಗಲ್ಲ ಕಣ್ರೋ ಅಂತ. ವೆರಿಸ್ಲೋಗಿಂತ ಹೆಚ್ಚೆಂದರೆ 1% ಲಾಭ, ಸಮಯ ಮಾತ್ರ ಎಷ್ಟೋ ಪಟ್ಟು. ಆದರೂ ಅದನ್ನೇ ಹಾಕಿ, ರಾತ್ರಿಯಿಡೀ ಫ್ಯಾನ್ ಕೂಗಿಸಿ, ಬೆಳಗ್ಗೆ ಫಲಿತಾಂಶ ನೋಡಿ ‘ವ್ಯತ್ಯಾಸ ಕಾಣುತ್ತೆ’ ಅನ್ನೋರಿದ್ದಾರೆ! ಔಷಧಿ ಕೆಲಸ ಮಾಡಿದೆ ಅಂತಾಯ್ತು. ಆಮೇಲೆ ಆ ಫೈಲನ್ನು ವಿಡಿಯೋ ಸೈಟ್‌ಗೆ ಹಾಕ್ತಾರೆ. ಸೈಟ್ ಅದನ್ನು ತನಗೆ ಬೇಕಾದಂತೆ ಮತ್ತೆ ಎನ್‌ಕೋಡ್ ಮಾಡಿ, ಕತ್ತಲ ದೃಶ್ಯವನ್ನೆಲ್ಲ ಚೌಕ ಚೌಕ ಮಾಡಿ ಕೊಡುತ್ತೆ.

ಕಣ್ಣು ನಂಬಬೇಡಿ, ಅಳೆಯಿರಿ ಅನ್ನೋರಿಗೆ ವಿಮ್ಯಾಫ್ ಇದೆ. ವಿಡಿಯೋ ಗುಣಮಟ್ಟಕ್ಕೆ ಅಂಕ ಕೊಡೋಕೆ 2016ರಲ್ಲಿ ನೆಟ್‌ಫ್ಲಿಕ್ಸ್ ಬಿಟ್ಟ ಅಳತೆ, ಕೆಟ್ಟದ್ದೇನಲ್ಲ. ಆದರೆ ಎನ್‌ಕೋಡ್ ಮಾಡುವ ಮೊದಲು ಚಿತ್ರವನ್ನು ಸ್ವಲ್ಪ ಚೂಪು ಮಾಡಿದರೂ ಅಂಕ ಏರುತ್ತೆ. ಜನ ಹಾಗೇ ಅಂಕ ಏರಿಸಿಕೊಳ್ಳಬಹುದು ಅಂತ, ಅದನ್ನು ಲೆಕ್ಕಕ್ಕೆ ಹಿಡಿಯದ ಇನ್ನೊಂದು ಮಾದರಿ ತರಬೇಕಾಯಿತು. ಪರೀಕ್ಷೆ ಇದ್ದಲ್ಲಿ ಕಾಪಿ ಇರಲೇಬೇಕಲ್ಲ.

ಇಷ್ಟೇ ಆಗಿದ್ದರೆ ನಕ್ಕು ಸುಮ್ನಿರಬಹುದಿತ್ತು. ಆದರೆ ಯಾರದೋ ಮದುವೆಯ ಹಳೇ ಟೇಪ್ ಇರುತ್ತೆ, ಅದರಲ್ಲಿ ಈಗ ಇಲ್ಲದ ಅಜ್ಜಿ ಒಂದೆರಡು ಸೆಕೆಂಡ್ ನಕ್ಕಿರುತ್ತಾಳೆ. ಅದನ್ನು ಡಿಜಿಟಲ್ ಮಾಡುವಾಗ ಫಿಲ್ಟರ್ ಸ್ಟ್ರಾಂಗ್‌ಗೆ ಇಟ್ಟು, ಫೈಲ್ ಸೈಜ್ ಕಮ್ಮಿ ಆಯ್ತು ಅಂತ ಬೀಗಿ, ಟೇಪಿನಿಂದ ಇಳಿಸಿದ ಮೂಲ ಕ್ಯಾಪ್ಚರ್ ಡಿಲೀಟ್ ಮಾಡಿ, ಟೇಪನ್ನೂ ಎಸೆಯುತ್ತಾರೆ. ಅಜ್ಜಿಯ ಮುಖದ ಗೆರೆಗಳು ಫಿಲ್ಟರ್ ಲೆಕ್ಕದಲ್ಲಿ ನಾಯ್ಸ್. ಅವು ಇನ್ನು ಬರಲ್ಲ. ಎಐ ಬಂದು ತುಂಬಿಸುತ್ತೆ ಅಂತೀರಾ? ಅದು ತುಂಬೋದು ಇನ್ಯಾರದೋ ಗೆರೆಗಳನ್ನು. ಹಾರ್ಡ್‌ಡಿಸ್ಕ್‌ನಲ್ಲಿ ಜಾಗ ಇಲ್ಲ ಅಂದರೆ ಇನ್ನೊಂದು ತಗೊಳ್ರಪ್ಪಾ. ಮೂಲವನ್ನು ಮುಟ್ಟಬೇಡಿ. ಇದನ್ನು ಎಷ್ಟು ಸಲ ಹೇಳೋದು?