ಸತ್ತ ಸರ್ವರಿನ ಪಂಚನಾಮೆ

"ನಿಮ್ ಡಬ್ಬಿ ಮತ್ತ ಬಂದ್ ಬಿದ್ದಾದ, ಲಗೂ ಬರ್ರಿ" ಅಂತ ದಾಲ್ ಮಿಲ್ಲಿನ ಮುನೀಮರ ಫೋನು ಬಂದಾಗ ನಾನು ಊಟಕ್ಕೆ ಕೂತಿದ್ದೆ. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆ. ಆ ಹೊತ್ತಿನಲ್ಲಿ ಕಲಬುರಗಿಯ ನಾಯಿಗಳು ಕೂಡ ಗಟಾರ ಬಿಟ್ಟು ಏಳುವುದಿಲ್ಲ. ನಾನು ತಲೆಗೆ ಹಸಿ ಟವೆಲ್ ಸುತ್ತಿ, ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದೆ.

ಮಿಲ್ಲಿನಲ್ಲಿ ಸರ್ವರಿನ ಪರದೆ ತುಂಬ ಇಂಗ್ಲಿಷ್ ಸಾಲುಗಳು, ಕೊನೆಗೆ 'ಕರ್ನಲ್ ಪ್ಯಾನಿಕ್' ಅಂತ ಒಂದು ಷರಾ. ಅಂದರೆ ಯಂತ್ರ ನಡೆಸುವ ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್ಲೇ ಕೈಚೆಲ್ಲಿದೆ ಎಂದು. ಕೀಬೋರ್ಡಿನ ಕ್ಯಾಪ್ಸ್ ಲಾಕ್ ದೀಪ ಮಾತ್ರ ಮಿಣುಕುತ್ತಿತ್ತು. "ಲೈಟ್ ಹೊಡ್ಕೊಳ್ಳಾಕತ್ತದ, ಅಂದ್ರ ಜೀವ ಅದ ನೋಡ್ರಿ" ಅಂದರು ಮುನೀಮರು. ಲಿನಕ್ಸ್ ಸತ್ತೆನೆಂದು ಸಾರುವುದೇ ಆ ದೀಪ ಮಿಣುಕಿಸಿ ಎಂದು ಅವರಿಗೆ ಹೇಳಲು ಮನಸ್ಸಾಗಲಿಲ್ಲ.

"ಬಿಸಿಲ್ರಿ ಇದು" ಅಂದರು ಸಾವ್ಕಾರರು. "ಮನಷ್ಯಾರೇ ತಲಿ ತಿರುಗಿ ಬೀಳ್ತಾರ, ಡಬ್ಬಿ ಏನ್ ಮಹಾ?"

"ಹಂಗ ಅಂದಾಜಿಗಿ ಹೇಳಬಾರ್ದ್ರಿ. ಪುರಾವೆ ಬೇಕು" ಅಂದೆ. ಇಷ್ಟು ದೊಡ್ಡ ಮಾತು ಆಡಬಾರದಿತ್ತು.

ಪುರಾವೆ ಹಿಡಿಯುವ ವ್ಯವಸ್ಥೆಯ ಹೆಸರು ಕೆಡಂಪ್. 2005ರಲ್ಲಿ ಲಿನಕ್ಸ್ 2.6.13ರ ಜೊತೆಗೆ ಬಂದದ್ದು. ಮೆಮೊರಿಯ ಒಂದು ಮೂಲೆಯನ್ನು ಮೊದಲೇ ಕಾದಿರಿಸಿ ಅಲ್ಲಿ ಇನ್ನೊಂದು ಸಣ್ಣ ಕರ್ನಲ್ ಮಲಗಿಸಿಡಬೇಕು. ದೊಡ್ಡ ಕರ್ನಲ್ ನೆಲಕ್ಕೆ ಬಿದ್ದ ಕೂಡಲೆ, ಯಂತ್ರವನ್ನು ಮೊದಲಿನಿಂದ ಎಬ್ಬಿಸುವ ಬಯಾಸ್ ತಂತ್ರಾಂಶದ ಬಾಗಿಲು ತಟ್ಟದೆಯೇ ಈ ಸಣ್ಣವನು ಎದ್ದು, ಸತ್ತವನ ಮೆಮೊರಿಯನ್ನೆಲ್ಲ ವಿಎಂಕೋರ್ ಎಂಬ ಫೈಲಿಗೆ ಬರೆದಿಡುತ್ತಾನೆ. ಹೆಣ ಎತ್ತುವ ಮುಂಚಿನ ಪಂಚನಾಮೆ ಇದ್ದಂತೆ. ಸಾವ್ಕಾರರಿಗೂ ಹೀಗೇ ಬಿಡಿಸಿ ಹೇಳಿದೆ.

"ಅಂದ್ರ 8 ಜಿಬಿಯೊಳಗ 256 ಎಂಬಿ, ಹಗಲೆಲ್ಲ ಮಲಗವ್ನಿಗಿ ಪಗಾರ?"

"ಹೌದ್ರಿ."

"ನಮ್ ವಾಚ್‌ಮನ್ ಹಂಗಾ?"

ಹಾಗೇ. ಆದರೆ ನಮ್ಮವನು ಮಲಗಲಿಕ್ಕೂ ಬರಲಿಲ್ಲ. ಆ ಮೂಲೆ ಕಾದಿರಿಸಲು ಹೇಳುವ ಕ್ರ್ಯಾಶ್‌ಕರ್ನಲ್ ಎಂಬ ಸಾಲು ಬರೆದು, ಯಂತ್ರ ಒಮ್ಮೆ ರೀಬೂಟ್ ಮಾಡದೆ ಮನೆಗೆ ಹೋಗಿದ್ದೆ. ಮೂಲೆ ಖಾಲಿಯಾಗಲೇ ಇಲ್ಲ, ಮುಂದಿನ ಸಾವಿಗೆ ಸಾಕ್ಷಿಯೂ ಸಿಗಲಿಲ್ಲ. ಅದನ್ನು ಸರಿ ಮಾಡಿದ ಮೇಲೆ ಮೂರನೇ ದಿನ ಮತ್ತೆ ಸತ್ತಿತು, ಇ-ವೇ ಬಿಲ್ ಕಳಿಸುತ್ತಿರುವಾಗಲೇ. ಈ ಸಲ ಸಣ್ಣವನು ಎದ್ದ, ಬರೆಯತೊಡಗಿದ. ಶೇಕಡಾ ಲೆಕ್ಕ ಪರದೆ ಮೇಲೆ ಏರುತ್ತಿರುವುದನ್ನು ಕಂಡ ಮುನೀಮರು "ಏನೋ ಹಾಳಾಗ್ಲಾಕತ್ತದ" ಅಂತ ಪ್ಲಗ್ಗೇ ಕಿತ್ತು, ಎರಡು ಬಾರಿ ದೇವರ ಹೆಸರು ಹೇಳಿ ಮತ್ತೆ ಹಾಕಿದರು. ನನಗೆ ಸಿಕ್ಕದ್ದು 'ವಿಎಂಕೋರ್-ಇನ್‌ಕಂಪ್ಲೀಟ್'. ಪಂಚನಾಮೆ ಬರೆಯುತ್ತಿದ್ದ ಪೊಲೀಸನ ಕೈಯಿಂದ ಪೆನ್ನು ಕಸಿದಂತಾಯಿತು. ಪ್ಲಗ್ಗಿನ ಮೇಲೆ "ಮುಟ್ಟಬ್ಯಾಡ್ರಿ" ಅಂತ ಚೀಟಿ ಅಂಟಿಸಿದೆ. ಮರುದಿನ ಅದರ ಮೇಲೆ ಯಾರೋ ತೊಗರಿಯ ಭಾವ ಬರೆದಿದ್ದರು.

ಅಂದು ರಾತ್ರಿ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ವರ್ಚುವಲ್ ಮಷಿನ್, ಅಂದರೆ ಕಂಪ್ಯೂಟರಿನೊಳಗೊಂದು ನಕಲಿ ಕಂಪ್ಯೂಟರ್ ಹುಟ್ಟಿಸಿ, ಅಲ್ಲಿ ಬೇಕೆಂದೇ ಕ್ರ್ಯಾಶ್ ಮಾಡಿ ಅಭ್ಯಾಸ ಮಾಡಿದೆ. ಸಿಸ್‌ಆರ್‌ಕ್ಯೂ-ಟ್ರಿಗರ್ ಎಂಬ ಫೈಲಿಗೆ 'ಸಿ' ಎಂಬ ಒಂದೇ ಅಕ್ಷರ ಬರೆದರೆ ಸಾಕು, ಲಿನಕ್ಸ್ ಅಲ್ಲೇ ಪ್ರಾಣ ಬಿಡುತ್ತದೆ. ಖಾತರಿಯೇನು, ಎಚ್ಚರಿಕೆಯೇನು, ಒಂದೂ ಕೇಳುವುದಿಲ್ಲ. ನಾಲ್ಕು ಸಲ ಕೊಂದೆ, ನಾಲ್ಕು ಸಲವೂ ಪಂಚನಾಮೆ ಬಂತು. ಖುಷಿಯಾಯಿತು. ಬೆಳಿಗ್ಗೆ ಐದನೇ ಸಲ ಕೊಲ್ಲಲು ಕೂತೆ. ಪರದೆಯಲ್ಲಿ ಎರಡು ಕಪ್ಪು ಕಿಟಕಿ: ಒಂದು ವರ್ಚುವಲ್ ಮಷಿನ್ನಿನದು, ಇನ್ನೊಂದು ಮಿಲ್ಲಿನ ಸರ್ವರಿಗೆ ತೆರೆದದ್ದು. ಎರಡರಲ್ಲೂ ನಾನೇ ರೂಟ್, ಅಂದರೆ ಏನು ಬೇಕಾದರೂ ಮಾಡುವ ಅಧಿಕಾರವುಳ್ಳವನು.

ಎಂಟರ್ ಒತ್ತಿದ ಮೇಲೆ ಕಿಟಕಿ ಯಾಕೆ ಹೀಗೆ ಸ್ತಬ್ಧವಾಯಿತು ಎಂದು ನೋಡುತ್ತಿರುವಾಗಲೇ ಫೋನು ಬಂತು.

"ಡಬ್ಬಿ ಮತ್ತ ಬಂದ್ ಬಿದ್ದಾದ್ರಿ. ಕಾಟಾ ಮ್ಯಾಲ ಮೂರು ಲಾರಿ ನಿಂತಾವ."

"ಪ್ಲಗ್ ಮುಟ್ಟಬ್ಯಾಡ್ರಿ!"

"ಮುಟ್ಟಿಲ್ರಿ. ನಿಮ್ ಚೀಟಿ ಅದ ಅಲ್ಲ."

ಮುಟ್ಟಬೇಕಾದ ದಿನವೇ ಅವರು ಮುಟ್ಟಲಿಲ್ಲ! ಸಣ್ಣವನು ನೀಟಾಗಿ ಎದ್ದು, ಖಾಲಿ ಪುಟಗಳನ್ನು ಬಿಟ್ಟು, ಉಳಿದದ್ದನ್ನು ಒತ್ತಿ ಮಡಚಿ, ಸಂಪೂರ್ಣ ವಿಎಂಕೋರ್ ಕೊಟ್ಟ. ಕ್ರ್ಯಾಶ್ ಎಂಬ ಸಾಧನದಿಂದ ಅದನ್ನು ತೆರೆಯಲು ಅದೇ ಆವೃತ್ತಿಯ ಕರ್ನಲ್ಲಿನ ಡೀಬಗ್ ಮಾಹಿತಿ, ಅಂದರೆ ದೋಷ ಹುಡುಕಲು ನೆರವಾಗುವ ವಿವರ ಬೇಕು, ನೂರಾರು ಎಂಬಿ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಅದು ಇಳಿಯುವಷ್ಟರಲ್ಲಿ ಮೂರು ಚಹಾ ಆದವು. ಕೊನೆಗೆ ತೆರೆಯಿತು. ಸಾವಿಗೆ ಕಾರಣ: 'ಸಿಸ್‌ಆರ್‌ಕ್ಯೂ ಟ್ರಿಗರ್ಡ್ ಕ್ರ್ಯಾಶ್'. ಕೊಂದವನು: ರೂಟಿನ ಬ್ಯಾಶ್ ಶೆಲ್, ಆಜ್ಞೆ ಟೈಪಿಸುವ ಆ ಕಪ್ಪು ಕಿಟಕಿ. ಅಂದರೆ ನಾನು.

ಅಸಲು ಕಾಯಿಲೆಯ ಪಂಚನಾಮೆ ಮುಂದಿನ ವಾರ ಸಿಕ್ಕಿತು. ಅದರಲ್ಲಿ ಕರ್ನಲ್ಲಿನ ಹೆಸರಿನ ಪಕ್ಕ 'ಟೇಂಟೆಡ್' ಎಂಬ ಮುದ್ರೆ ಬಿದ್ದಿತ್ತು. ಕರ್ನಲ್ಲಿನ ಮನೆಯವರಲ್ಲದ, ಹೊರಗಿನಿಂದ ತಂದು ಸೇರಿಸಿದ ಡ್ರೈವರ್ (ಸಾಧನವೊಂದನ್ನು ನಡೆಸುವ ತಂತ್ರಾಂಶ) ಒಂದು ಒಳಗಿದೆ ಎಂದು ಇಲ್ಲಿ ಅದರ ಅರ್ಥ. ಬ್ಯಾಕ್‌ಟ್ರೇಸ್, ಅಂದರೆ ಸಾಯುವ ಹೊತ್ತಿಗೆ ಯಾವ ಕೆಲಸ ಯಾವುದನ್ನು ಕರೆದಿತ್ತೆಂಬ ಪಟ್ಟಿ, ತೆಗೆದು ನೋಡಿದರೆ ಪ್ಯಾನಿಕ್ ಆದ ಜಾಗದ ನಾಲ್ಕು ಸಾಲೂ ಆ ಡ್ರೈವರಿನವೇ. ಸೂಪರ್ ಮಾರ್ಕೆಟ್ ಗಲ್ಲಿಯಲ್ಲಿ 350 ರೂಪಾಯಿಗೆ ಕೊಂಡ ವೈಫೈ ಡಾಂಗಲ್ಲಿನದು. ಕೊಂಡವನು ನಾನೇ. ಅದರ ಡ್ರೈವರನ್ನು ಎಲ್ಲಿಂದಲೋ ತಂದು ಕಂಪೈಲ್ ಮಾಡಿ ಸರ್ವರಿಗೆ ಸೇರಿಸಿದವನೂ ನಾನೇ. ಕೇಬಲ್ ಎಳೆಯಲು ಗೋಡೆ ಕೊರೆಯಬೇಕಾಗುತ್ತದೆಂಬ ಸೋಮಾರಿತನ.

ಹಿಂದೆ ಬಂದು ನಿಂತ ಸಾವ್ಕಾರರು ಕೇಳಿದರು, "ಪುರಾವೆ ಸಿಕ್ತೇನ್ರಿ?"

ನಾನು ಡಾಂಗಲ್ ಮೆಲ್ಲಗೆ ಕಿತ್ತು ಕಿಸೆಗೆ ಇಳಿಸಿದೆ. ಬೆವರು ಒರೆಸಿಕೊಂಡೆ.

"ಸಿಕ್ತ್ರಿ. ನೀವ್ ಹೇಳಿದ್ದೇ ಖರೇ. ಬಿಸಿಲು."