ಬರೀ ಒಂದು ಪರ್ಸೆಂಟ್

2025ರ ಜೂನ್ 20ರ ಸಂಜೆ ಒಂದು ಫ್ಯಾಮಿಲಿ ಪ್ಯಾಕ್ ಐಸ್‌ಕ್ರೀಮ್ ಹಿಡಿದುಕೊಂಡು ಬಂದು "ಮನೆ ಆಯ್ತು" ಅಂದೆ. ಟಿವಿ ನೋಡುತ್ತಿದ್ದ ಅಮ್ಮ ಕತ್ತು ಮಾತ್ರ ತಿರುಗಿಸಿ ಕೇಳಿದರು, "ಕೀ ಎಲ್ಲಿ?"

ಕೀ ಇರಲಿಲ್ಲ. ಇದ್ದದ್ದು ಆರು ಪುಟದ ಅಗ್ರಿಮೆಂಟ್. ಒಟ್ಟು 62 ಲಕ್ಷದಲ್ಲಿ ಆರು ಲಕ್ಷ ಅಡ್ವಾನ್ಸ್ ಕೊಟ್ಟಿದ್ದೇನೆ, ಉಳಿದದ್ದನ್ನು ಮೂರು ತಿಂಗಳೊಳಗೆ ಕೊಟ್ಟು ರಿಜಿಸ್ಟ್ರೇಶನ್ ಮಾಡಿಸಿಕೊಳ್ಳುತ್ತೇನೆ ಅಂತ ಅದರಲ್ಲಿ ಬರೆದಿತ್ತು. ಮೂರು ತಿಂಗಳು! ಅಷ್ಟೊತ್ತು ಎಂತ ಮಾಡುವುದು ಅಂತ ನಾನು ಬ್ರೋಕರ್ ಹತ್ತಿರ ತಮಾಷೆ ಬೇರೆ ಮಾಡಿದ್ದೆ. ಅವನು ನಗಲಿಲ್ಲ. ಆಗಲೇ ನನಗೆ ಸಂಶಯ ಬರಬೇಕಿತ್ತು.

ಮನೆ ಇದ್ದದ್ದು ಮಂಗಳೂರಿನ ಕುಲಶೇಖರದ ಕಡೆ, ಒಂದು ಒಳರಸ್ತೆಯಲ್ಲಿ. ಐದು ಸೆಂಟ್ಸ್ ಜಾಗ, ಹಂಚಿನ ಹಳೆ ಮನೆ, ಒಂದು ಬಾವಿ, ಹಿಂದುಗಡೆ ಒಂದು ಜೀಗುಜ್ಜೆ ಮರ. ನಿಜ ಹೇಳಬೇಕೆಂದರೆ ನನ್ನ ಹೆಂಡತಿ ಒಪ್ಪಿದ್ದು ಆ ಮರಕ್ಕೆ. ಮನೆ ನೋಡಲು ಹೋದ ದಿನ ನಾನು ಗೋಡೆ ಬಡಿದು ನೋಡುತ್ತಿದ್ದರೆ ಅವಳು ಮರದ ಕೆಳಗೆ ನಿಂತು ಕಾಯಿ ಎಣಿಸುತ್ತಿದ್ದಳು. ಆಮೇಲೆ ಬ್ಯಾಂಕಿನಿಂದ ಬಂದ ಇಂಜಿನಿಯರ್ ಗೋಡೆ, ಹಂಚು, ಬಾವಿ ಎಲ್ಲದಕ್ಕೂ ಬೆಲೆ ಕಟ್ಟಿದರು. ಮರದ ಕಡೆ ನೋಡಲೂ ಇಲ್ಲ. "ಇವರಿಗೆಲ್ಲ ಎಂತ ಗೊತ್ತುಂಟು" ಅಂದಳು ಅವಳು.

ಮಾರುವವರು ವಯಸ್ಸಾದ ದಂಪತಿ. ಜಾಗ ಹೆಂಗಸಿನ ಹೆಸರಿನಲ್ಲಿತ್ತು. ಅಮ್ಮ ಅವರನ್ನು ಮೊದಲ ದಿನವೇ ಬಾಯಮ್ಮ ಅಂತ ಕರೆದರು, ಗಂಡನನ್ನು ಪೊರ್ಬುಗಳು ಅಂತ. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ. ಆಮೇಲೆ ನಮಗೂ ಅದೇ ರೂಢಿಯಾಯಿತು. ಮಕ್ಕಳು ವಿದೇಶದಲ್ಲಿ, ಇವರಿಗೆ ಮೆಟ್ಟಿಲಿಲ್ಲದ, ಲಿಫ್ಟ್ ಇರುವ ಫ್ಲ್ಯಾಟ್ ಬೇಕು. ಒಳ್ಳೆಯ ಜನ. ಹೋದಾಗಲೆಲ್ಲ ಚಾ, ಬಿಸ್ಕೆಟ್, ಮತ್ತೆ ಮಂಡೆಬಿಸಿಯ ಒಂದು ಹೊಸ ಸುದ್ದಿ.

ಮೊದಲನೆಯ ಮಂಡೆಬಿಸಿ ಹೆಸರಿನದ್ದು. ನನ್ನ ಆಧಾರ್‌ನಲ್ಲಿ ಹೆಸರಿನ ಮುಂದೆ 'ಕೆ.' ಅಂತ ಉಂಟು. ಪ್ಯಾನ್ ಕಾರ್ಡಿನಲ್ಲಿ ಆ 'ಕೆ' ಹಿಂದೆ ಹೋಗಿ ಕೂತು ಊರಿನ ಪೂರ್ತಿ ಹೆಸರಾಗಿ ಬೆಳೆದಿದೆ. ಬ್ಯಾಂಕಿನ ಖಾತೆಯಲ್ಲಿ 'ಕೆ' ಇಲ್ಲವೇ ಇಲ್ಲ, ಅದರ ಬದಲು ಅಪ್ಪನ ಹೆಸರು. ನಲವತ್ತು ವರ್ಷ ನಾವು ಮೂವರು ಯಾರಿಗೂ ತೊಂದರೆ ಕೊಡದೆ ಬದುಕಿದ್ದೆವು. ಸಾಲ ಕೊಡುವ ಬ್ಯಾಂಕಿನ ವಕೀಲರು ಮೂವರನ್ನೂ ಸಾಲಾಗಿ ನಿಲ್ಲಿಸಿ, "ಇದರಲ್ಲಿ ಮನೆ ತೆಗೆದುಕೊಳ್ಳುವವರು ಯಾರು?" ಅಂತ ಕೇಳಿದರು. ಕಡೆಗೆ ನೋಟರಿ ಹತ್ತಿರ ಹೋಗಿ, ದುಡ್ಡು ಕೊಟ್ಟು, ಈ ಮೂವರೂ ಒಬ್ಬನೇ, ಅದು ನಾನೇ ಅಂತ ಅಫಿಡವಿಟ್ ಮಾಡಿಸಿದೆ. ಇದನ್ನು ಹೇಳಿದಾಗ ಪೊರ್ಬುಗಳು ಗಂಭೀರವಾಗಿ, "ಅದರಲ್ಲಿ ಎಂತ ಆಶ್ಚರ್ಯ? ನಮ್ಮ ಧರ್ಮದಲ್ಲೂ ಮೂವರು ಒಬ್ಬರೇ" ಅಂದರು.

ಬಾಯಮ್ಮನ ಹೆಸರಿನ ಕಥೆ ಇನ್ನೂ ಉದ್ದ. ಅವರ ಅಪ್ಪ ಬರೆದುಕೊಟ್ಟ ದಾನಪತ್ರದಲ್ಲಿ ಒಂದು ಸ್ಪೆಲ್ಲಿಂಗ್, ಮನೆ ತೆರಿಗೆ ರಶೀದಿಯಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮದುವೆಯಾದ ಮೇಲಿನ ಸರ್‌ನೇಮ್. ಈಗ ಇ-ಖಾತಾ, ಅಂದರೆ ಆಸ್ತಿಯ ಡಿಜಿಟಲ್ ಖಾತೆ, ಇಲ್ಲದೆ ನೋಂದಣಿಯೇ ಆಗುವುದಿಲ್ಲವಲ್ಲ, ಆ ಅರ್ಜಿ ಇದೇ ಕಾರಣಕ್ಕೆ ಹೋಗುವುದು, ವಾಪಸ್ ಬರುವುದು, ಮತ್ತೆ ಹೋಗುವುದು. ಜುಲೈ ತಿಂಗಳು ಅರ್ಧ ಅದರಲ್ಲೇ ಮುಗಿಯಿತು.

ಅಷ್ಟರಲ್ಲಿ ಆಟಿ ಬಂತು.

ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ತುಳುನಾಡಿನಲ್ಲಿ ಯಾರೂ ಶುಭಕಾರ್ಯ ಮಾಡುವುದಿಲ್ಲ. ಪತ್ರೊಡೆ ತಿನ್ನಬಹುದು. ಅಮಾವಾಸ್ಯೆಯ ದಿನ ಬರಿಹೊಟ್ಟೆಗೆ ಪಾಲೆ ಮರದ ಕಷಾಯ ಕುಡಿದು ಮುಖ ಕಿವುಚಬಹುದು. ಮನೆ ತೆಗೆದುಕೊಳ್ಳುವ ಹಾಗಿಲ್ಲ. ನಾನು ಸುಮ್ನೆ, "ಕಾಗದ ರೆಡಿಯಾದರೆ ಆಗಸ್ಟ್ ಮೊದಲ ವಾರವೇ ಮುಗಿಸುವ" ಅಂದೆ. ಅಮ್ಮ ಕೈಯಲ್ಲಿದ್ದ ಕೆಸುವಿನ ಎಲೆ ಕೆಳಗಿಟ್ಟರು.

"ನಿಂಗೆ ಮರ್ಲಾ? ಆಟಿಯಲ್ಲಿ ಯಾರಾದರೂ ರಿಜಿಸ್ಟ್ರಿ ಮಾಡ್ತಾರಾ?"

"ರಿಜಿಸ್ಟ್ರಿ ಬರೀ ಕಾಗದದ ಕೆಲಸ ಅಮ್ಮ. ಮನೆ ಒಕ್ಕಲು ಆಮೇಲೆ ಮಾಡುವ."

"ಹಾಗಾದರೆ ಕಾಗದದಲ್ಲೇ ಇರು."

ಆಯ್ತು, ಆಟಿ ಮುಗಿದು ಬರುವ ಸೋಣ ತಿಂಗಳಿಗೆ ಕಾಯುವುದು ಅಂತಾಯಿತು. ಹೇಗೂ ಇ-ಖಾತಾ ಬಂದಿರಲಿಲ್ಲ, ನಾನು ಜಾಸ್ತಿ ವಾದ ಮಾಡಲಿಲ್ಲ.

ಈ ಬಿಡುವಿನಲ್ಲಿ ನನ್ನ ಸಿ.ಎ. ಗೆಳೆಯನಿಗೆ ಫೋನ್ ಮಾಡಿ ಸುದ್ದಿ ಹೇಳಿದೆ. ಅವನು ಅಭಿನಂದನೆ ಹೇಳುವ ಬದಲು "ಟಿಡಿಎಸ್ ಹಿಡಿದಿದ್ದೀಯಾ?" ಅಂತ ಕೇಳಿದ. 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಮನೆ ಕೊಂಡರೆ, ಕೊಳ್ಳುವವನೇ ಮಾರುವವರ ದುಡ್ಡಿನಲ್ಲಿ ಒಂದು ಪರ್ಸೆಂಟ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕಂತೆ. ಅದೂ ಕೊನೆಗೆ ಅಲ್ಲ, ಅಡ್ವಾನ್ಸ್ ಕೊಡುವಾಗಲೇ. ನಾನು ಹಿಡಿದಿರಲಿಲ್ಲ. ಅದಕ್ಕೆ ತಿಂಗಳಿಗೆ ಮತ್ತೆ ಒಂದು ಪರ್ಸೆಂಟ್ ಬಡ್ಡಿ. "ಹೋಗಲಿ ಬಿಡು, ಬರೀ ಒಂದು ಪರ್ಸೆಂಟ್" ಅಂದ. ಇದೇ ಮಾತನ್ನು ಬ್ರೋಕರ್ ಕೂಡ ಅವನ ಕಮಿಷನ್ ಬಗ್ಗೆ ಹೇಳಿದ್ದ. 62 ಲಕ್ಷದಲ್ಲಿ ಒಂದು ಪರ್ಸೆಂಟ್ ಅಂದರೆ 62,000 ರೂಪಾಯಿ. ಅಷ್ಟು ದುಡ್ಡಿಗೆ 'ಬರೀ' ಅನ್ನುವ ಶಬ್ದ ಹಾಕುವವರನ್ನು ನಾನು ಆ ಮೂರು ತಿಂಗಳಲ್ಲಿ ನೋಡಿದಷ್ಟು ಜೀವಮಾನದಲ್ಲಿ ನೋಡಿಲ್ಲ.

ಕಾನೂನು ಸರಿ. ಆದರೆ ಬಾಯಮ್ಮನಿಗೆ ಹೇಳುವುದು ಹೇಗೆ? ಮೂರು ವಾರ ಚೌಕಾಸಿ ಮಾಡಿ, 65ರಿಂದ 62ಕ್ಕೆ ಇಳಿಸಿ, ಸಹಿ ಹಾಕಿಸಿ, ಈಗ ಹೋಗಿ "62,000 ಕಮ್ಮಿ ಕೊಡ್ತೇನೆ, ಆದರೆ ಅದು ನನಗಲ್ಲ, ಸರ್ಕಾರಕ್ಕೆ" ಅಂದರೆ ಯಾರು ನಂಬುತ್ತಾರೆ? ಪೊರ್ಬುಗಳು ಮೂವತ್ತು ವರ್ಷ ಕುವೈತ್‌ನಲ್ಲಿ ಇದ್ದವರು. ಅಲ್ಲಿ ಸಂಬಳಕ್ಕೆ ಟ್ಯಾಕ್ಸೇ ಇಲ್ಲ. ಅವರು ನಾನು ಹೇಳಿದ್ದನ್ನೆಲ್ಲ ಕೇಳಿ, ಚಾ ಕಪ್ ಕೆಳಗಿಟ್ಟು, "ಅಗ್ರಿಮೆಂಟ್ ಆದ ಮೇಲೂ ಚರ್ಚೆಯಾ ಮಾರಾಯ?" ಅಂದರು. ಬಾಯಮ್ಮ ಏನೂ ಹೇಳಲಿಲ್ಲ, ಬಿಸ್ಕೆಟ್ ಪ್ಲೇಟನ್ನು ಮಾತ್ರ ಸ್ವಲ್ಪ ತಮ್ಮ ಕಡೆ ಎಳೆದುಕೊಂಡರು. ಕೊನೆಗೆ ಸಿ.ಎ. ಗೆಳೆಯನನ್ನು ಸ್ಪೀಕರ್ ಫೋನಿಗೆ ಹಾಕಿ, ಆ ದುಡ್ಡು ಬಾಯಮ್ಮನ ಪ್ಯಾನ್ ನಂಬರಿನಲ್ಲೇ ಕಾಣುತ್ತದೆ, ರಿಟರ್ನ್ಸ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ ಅಂತ ಅವನ ಬಾಯಿಯಲ್ಲೇ ಹೇಳಿಸಿದೆ. ಪ್ಲೇಟು ವಾಪಸ್ ಬಂತು.

ಇದರ ಮಧ್ಯೆ ನನ್ನ ಸೋದರಮಾವ ಒಬ್ಬರು, "ಸ್ವಲ್ಪ ಕ್ಯಾಶ್ ಕೊಟ್ಟರೆ ಈ ರಗಳೆಯೇ ಇಲ್ಲ" ಅಂತ ಸಲಹೆ ಕೊಟ್ಟರು. ಜಾಗದ ವ್ಯವಹಾರದಲ್ಲಿ 20,000 ಮುಟ್ಟಿದರೆ ಕ್ಯಾಶ್ ತೆಗೆದುಕೊಳ್ಳುವ ಹಾಗಿಲ್ಲ ಅಂದರೆ, "ಹೌದಾ? ನನ್ನ ಕಾಲದಲ್ಲಿ ಗೋಣಿಯಲ್ಲಿ ಕೊಟ್ಟದ್ದು" ಅಂದರು. ಅವರು ಜೀವಮಾನದಲ್ಲಿ ಒಂದು ಸೆಂಟ್ ಜಾಗ ಕೊಂಡವರಲ್ಲ. ಗೋಣಿ ಎಲ್ಲಿಂದ ಬಂತು ಅಂತ ಕೇಳಲು ಹೋಗಲಿಲ್ಲ.

ಸೋಣ ಬಂತು. ಇ-ಖಾತಾ ಬಂತು. ಸಾಲವೂ ಮಂಜೂರಾಯಿತು. ಚೌತಿ ಮುಗಿಯುವ ಹೊತ್ತಿಗೆ ದಸ್ತಾವೇಜು ಬರಹಗಾರರ ಫೋನ್: "ಇವತ್ತೇ ಚಲನ್ ಕಟ್ಟಿದರೆ 29ರ ಶುಕ್ರವಾರ 11 ಗಂಟೆಗೆ ಸ್ಲಾಟ್ ಉಂಟು. ಹಾಕ್ಲಾ?" ನಾನು ಹಾಕಿ ಅನ್ನುವಷ್ಟರಲ್ಲಿ ಹಿಂದಿನಿಂದ ಅಮ್ಮನ ಸ್ವರ. ಅವರು ಆಗಲೇ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತಿದ್ದರು.

"ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ."

ನಾನು ವಾದ ಮಾಡಿದೆ. ಬ್ಯಾಂಕು ರಾಹುಕಾಲದಲ್ಲಿ ಬಾಗಿಲು ಹಾಕುತ್ತದಾ, ಬಸ್ಸು ನಿಲ್ಲುತ್ತದಾ, ನೀವು ಬಚ್ಚಲಿಗೆ ಹೋಗುವುದಿಲ್ಲವಾ ಅಂತೆಲ್ಲ. ಅಮ್ಮ ಒಂದೇ ಮಾತು ಹೇಳಿದರು. "ನಾಲ್ಕು ದಿನ ತಡ ಆದರೆ ಎಂತ ಗಂಟು ಹೋಗ್ತದೆ?"

ಆ ಗಂಟಿನ ಲೆಕ್ಕ ವಾರ ಕಳೆಯುವುದರೊಳಗೆ ಸಿಕ್ಕಿತು. ಬ್ರೋಕರ್ ವಾಟ್ಸಾಪ್‌ನಲ್ಲಿ ಒಂದು ಸುದ್ದಿ ಕಳುಹಿಸಿದ. ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ ಒಂದು ಪರ್ಸೆಂಟಿನಿಂದ ಎರಡು ಪರ್ಸೆಂಟ್. ಸ್ಟಾಂಪ್ ಡ್ಯೂಟಿ, ಸೆಸ್, ಸರ್‌ಚಾರ್ಜ್ ಎಲ್ಲ ಸೇರಿ ಮೊದಲು 6.6 ಇದ್ದದ್ದು ಈಗ 7.6. ಅಂದರೆ ನಾನು 4,09,200 ಕಟ್ಟುವ ಬದಲು 4,71,200 ಕಟ್ಟಬೇಕು. ಈ ದುಡ್ಡಿಗೆ ಬ್ಯಾಂಕ್ ಸಾಲವೂ ಇಲ್ಲ, ಕೈಯಿಂದಲೇ ಹೋಗಬೇಕು. ಸುದ್ದಿಯ ಕೆಳಗೆ ಬ್ರೋಕರ್ ಸಮಾಧಾನಕ್ಕೆ ಅಂತ ಬರೆದಿದ್ದ: 'ಬರೀ ಒಂದು ಪರ್ಸೆಂಟ್ ಸರ್.'

ನಾನು ಫೋನನ್ನು ಅಮ್ಮನ ಮುಂದೆ ಹಿಡಿದೆ. ಅಮ್ಮ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. "ನೋಡು, ರಾಹು ಹೇಗೆ ಕಾಟ ಕೊಡ್ತಾನೆ ಅಂತ" ಅಂದರು. ತಪ್ಪಿಸಿಕೊಂಡರೂ ಕಾಟ ಕೊಡುವುದಾದರೆ ತಪ್ಪಿಸಿಕೊಳ್ಳುವುದು ಯಾಕೆ ಅಂತ ನನ್ನ ಹೆಂಡತಿ ಕೇಳಿದಳು. ಅವಳು ಕೇಳಿದ್ದು ಅಡುಗೆಮನೆಯಲ್ಲಿ, ನೀರಿನ ನಲ್ಲಿ ಪೂರ್ತಿ ಬಿಟ್ಟು.

ಹೊಸ ಸ್ಲಾಟ್ ಸೆಪ್ಟೆಂಬರ್ 4, ಗುರುವಾರ, ಮಧ್ಯಾಹ್ನ ಎರಡು ಗಂಟೆ. ಅಮ್ಮ ಕ್ಯಾಲೆಂಡರ್ ನೋಡಲು ಹೋದರು, ಸ್ವಲ್ಪ ಹೊತ್ತು ನಿಂತರು, ಏನೂ ಹೇಳದೆ ಬಂದು ಕೂತರು. ನಾನೂ ಆಮೇಲೆ ಹೋಗಿ ನೋಡಿದೆ. ಗುರುವಾರ ಒಂದೂವರೆಯಿಂದ ಮೂರು. ಇಬ್ಬರೂ ಆ ವಿಷಯ ಎತ್ತಲಿಲ್ಲ.

ಹಿಂದಿನ ದಿನ ಮನೆಯನ್ನು ಕೊನೆಯ ಸಲ ನೋಡಿ ಬನ್ನಿ ಅಂತ ವಕೀಲರು ಹೇಳಿದ್ದರು. ಫ್ಯಾನ್ ಉಂಟಾ, ಬಾವಿಯ ಪಂಪ್ ಉಂಟಾ, ಕರೆಂಟ್ ಬಿಲ್ ಕಟ್ಟಿದ್ದಾರಾ ಅಂತೆಲ್ಲ. ಸಂಜೆ ಮಳೆ. ಫೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಹೋದೆ. ಪಂಪ್ ಇತ್ತು, ಫ್ಯಾನ್ ಇತ್ತು, ಬಿಲ್ ಕಟ್ಟಿ ಆಗಿತ್ತು. ವಾಪಸ್ ಬರುವಾಗ, ಮೂರು ತಿಂಗಳ ಮಳೆಗೆ ಅಂಗಳದಲ್ಲಿ ಬೆಳೆದಿದ್ದ ಪಾಚಿಯ ಮೇಲೆ ನನ್ನ ಚಪ್ಪಲಿ ಹೋಯಿತು. ಚಪ್ಪಲಿಯ ಹಿಂದೆ ನಾನೂ ಹೋದೆ. ಫೈಲ್ ಒದ್ದೆಯಾಗಬಾರದು ಅಂತ ಬಲಗೈಯಲ್ಲಿ ಮೇಲಕ್ಕೆತ್ತಿ ಹಿಡಿದೆ, ಹಾಗಾಗಿ ಮುರಕಲ್ಲಿನ ಮೆಟ್ಟಿಲಿಗೆ ಎಡಗೈ ಕೊಟ್ಟೆ. ಪೊರ್ಬುಗಳು ಓಡಿ ಬಂದು ಮೊದಲು ಫೈಲ್ ತೆಗೆದುಕೊಂಡರು, ಆಮೇಲೆ ನನ್ನನ್ನು. ಬಾಯಮ್ಮ ಅರಿಶಿನ ಹಾಕಿ ಬಟ್ಟೆ ಕಟ್ಟಿದರು. ಕೆರೆದು ಹೋದದ್ದು ಎಡಗೈಯ ಹೆಬ್ಬೆರಳು ಮಾತ್ರ, ದೊಡ್ಡದೇನಲ್ಲ.

ರಿಜಿಸ್ಟ್ರೇಶನ್‌ಗೆ ಬೇಕಾಗುವುದು ಎಡಗೈಯ ಹೆಬ್ಬೆರಳು ಅಂತ ನನಗೆ ಮರುದಿನ ಗೊತ್ತಾಯಿತು.

ಆ ದಿನ ಒಂದೂವರೆಗೇ ಹೋಗಿ ಕೂತೆವು. ನಾನು, ಹೆಂಡತಿ, ಬಾಯಮ್ಮ, ಪೊರ್ಬುಗಳು, ಸಾಕ್ಷಿಗೆ ಭಾವ ಮತ್ತು ಅವರ ಗೆಳೆಯ, ಕೈಯಲ್ಲಿ ಡಿಡಿ ಹಿಡಿದ ಬ್ಯಾಂಕಿನ ಹುಡುಗ, ಬ್ರೋಕರ್. ಎರಡು ಗಂಟೆಗೆ ಹೆಸರು ಕರೆಯಲಿಲ್ಲ. ಎರಡೂವರೆಗೆ ವಿಚಾರಿಸಿದರೆ, ಸರ್ವರ್ ನಿಧಾನ ಅಂದರು. ಅಲ್ಲಿದ್ದವರೆಲ್ಲ ಗೊಣಗುತ್ತಿದ್ದರು. ನಾನು ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಒಳ್ಳೆಯದಾಯ್ತು, ಇನ್ನೂ ಅರ್ಧ ಗಂಟೆ ಹಾಗೇ ಇರಲಿ" ಅಂದರು. ಸರ್ವರ್ ಹಾಳಾದದ್ದಕ್ಕೆ ಇಷ್ಟು ಸಂತೋಷಪಟ್ಟವರು ಇಡೀ ಊರಿನಲ್ಲಿ ನಮ್ಮ ಅಮ್ಮ ಒಬ್ಬರೇ ಇರಬೇಕು. ನಮ್ಮನ್ನು ಒಳಗೆ ಕರೆದದ್ದು ಮೂರು ಗಂಟೆ ಹತ್ತು ನಿಮಿಷಕ್ಕೆ.

ಹೆಬ್ಬೆರಳು ಮೆಷಿನಿಗೆ ಇಟ್ಟೆ. ತೆಗೆದುಕೊಳ್ಳಲಿಲ್ಲ. ಒರೆಸಿ ಇಟ್ಟೆ. ಇಲ್ಲ. ಕುಳಿತಿದ್ದ ಹುಡುಗ ಬೆರಳು ನೋಡಿ "ಇದು ಎಂತ ಮಾರ್ರೆ, ಹಳದಿ?" ಅಂದ. ಅರಿಶಿನ ಅಂದೆ. ಎರಡು ಬ್ಯಾಂಕ್, ಒಬ್ಬ ನೋಟರಿ, ಇಬ್ಬರು ವಕೀಲರು ಸೇರಿ ಇವನು ಇವನೇ ಅಂತ ಸಾಬೀತು ಮಾಡಿದ್ದು, ಈಗ ನನ್ನ ಬೆರಳೇ ಒಪ್ಪುತ್ತಿಲ್ಲ. ನಾಲ್ಕನೆಯ ಸಲ ಬಾಯಮ್ಮ ಎದ್ದು ಬಂದು, ನನ್ನ ಕೈ ಹಿಡಿದು, ತಮ್ಮ ಕರ್ಚೀಫಿನಿಂದ ಚೆನ್ನಾಗಿ ಉಜ್ಜಿ, ಮೆಷಿನಿನ ಮೇಲೆ ಒತ್ತಿದರು. ನೋವಿಗೆ ನನ್ನ ಕಣ್ಣಲ್ಲಿ ನೀರು ಬಂತು. ಪೀಂ ಅಂತ ಶಬ್ದವೂ ಬಂತು. ಆಗಲೇ ಫೋಟೋ ತೆಗೆದರು. ನಮ್ಮ ಕ್ರಯಪತ್ರದಲ್ಲಿ ಮಾರಿದ ಬಾಯಮ್ಮ ನಗುತ್ತಿದ್ದಾರೆ, ಕೊಂಡುಕೊಂಡ ನಾನು ಅಳುತ್ತಿದ್ದೇನೆ.

ಹೊರಗೆ ಬಂದ ಮೇಲೆ ಪೊರ್ಬುಗಳು ಸ್ವಲ್ಪ ಸಂಕೋಚದಿಂದ ಒಂದು ವಿಷಯ ಕೇಳಿದರು. ಎಂಟನೇ ತಾರೀಕು ಮೊಂತಿ ಫೆಸ್ತ್. ಆ ಮನೆಯಲ್ಲಿ ಅವರ ಕೊನೆಯ ತೆನೆ ಹಬ್ಬ. ಅದು ಮುಗಿಸಿ ಹತ್ತಕ್ಕೆ ಕೀ ಕೊಟ್ಟರೆ ಆಗಬಹುದಾ? ಪೂರ್ತಿ ದುಡ್ಡು ಕೊಟ್ಟು ಕೀ ತೆಗೆದುಕೊಳ್ಳದೆ ಬಂದವನನ್ನು ವಕೀಲರು ಎಂತ ಹೇಳುತ್ತಾರೆ ಅಂತ ಗೊತ್ತಿದ್ದರೂ ಆಯ್ತು ಅಂದೆ. ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ನಿಂತಿದ್ದರು.

"ಕೀ ಎಲ್ಲಿ?"

ಎಂಟಕ್ಕೆ ನಮ್ಮನ್ನೂ ಊಟಕ್ಕೆ ಕರೆದಿದ್ದರು. ಚರ್ಚಿನಿಂದ ತಂದ ಹೊಸ ತೆನೆಯ ಕಾಳು ಹಾಕಿದ ಪಾಯಸ, ಬಾಳೆ ಎಲೆಯ ಮೇಲೆ ಲೆಕ್ಕಕ್ಕೆ ಒಂಬತ್ತು ಬಗೆಯ ತರಕಾರಿ. ಮೀನು ಮಾಂಸ ಏನೂ ಇಲ್ಲ, ಅಮ್ಮನಿಗೆ ಬಹಳ ಖುಷಿ. ನನ್ನ ಮನೆಯಲ್ಲಿ ನಾನು ಅತಿಥಿಯಾಗಿ ಕೂತು, ಕೈ ತೊಳೆಯಲು ನೀರು ಎಲ್ಲಿ ಅಂತ ಕೇಳಿ, ಎರಡು ಸಲ ಬಡಿಸಿಕೊಂಡು ಉಂಡೆ. ಹೊರಡುವಾಗ ಬಾಯಮ್ಮ ಹಿಂದುಗಡೆ ಹೋಗಿ, ಎರಡು ದೊಡ್ಡ ಜೀಗುಜ್ಜೆ ಚೀಲದಲ್ಲಿ ಹಾಕಿ ತಂದು ನನ್ನ ಹೆಂಡತಿಯ ಕೈಗೆ ಕೊಟ್ಟರು. "ನಮ್ಮ ಮರದ್ದು. ಪೋಡಿ ಮಾಡಿ, ಒಳ್ಳೆಯದಾಗ್ತದೆ."

ಅವಳು ಚೀಲ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ "ಅಯ್ಯೋ, ಯಾಕೆ ಬಾಯಮ್ಮ, ನಿಮಗೆ ಇಟ್ಟುಕೊಳ್ಳಿ" ಅಂತ ಒಂದು ಸಲ ಉಪಚಾರಕ್ಕೆ ಹೇಳಿ, ಎರಡನ್ನೂ ತೆಗೆದುಕೊಂಡು ಬಾಡಿಗೆ ಮನೆಗೆ ಹೊರಟಳು.