ಗೊಂಬೆಗೂ ಒಂದು ಚೀಟಿ ಇರಲಿ

ನಾನಿರುವ ಇಂಗ್ಲೆಂಡಿನಲ್ಲಿ ಏನನ್ನಾದರೂ ಕೂಡಿಡುವವರು ತುಂಬಾ ಜನ ಸಿಗುತ್ತಾರೆ. ನಾಣ್ಯ, ಅಂಚೆಚೀಟಿ, ಆಟದ ರೈಲು, ಟೀ ಪಾಟು, ಕೊನೆಗೆ ಬಿಯರ್ ಲೋಟದ ಕೆಳಗಿಡುವ ರಟ್ಟಿನ ಬಿಲ್ಲೆ ಕೂಡ. ಯಾರೂ ನಗುವುದಿಲ್ಲ. ರಾಜಮನೆತನಕ್ಕೂ ಈ ಹುಚ್ಚಿತ್ತು. ಐದನೇ ಜಾರ್ಜ್ ಇನ್ನೂ ಯುವರಾಜನಾಗಿದ್ದಾಗ, 1904ರಲ್ಲಿ, ಮಾರಿಷಸ್‌ನ ಒಂದೇ ಒಂದು ಅಂಚೆಚೀಟಿಗೆ 1,450 ಪೌಂಡ್ ಸುರಿದಿದ್ದ. ಯಾವನೋ ಪೆದ್ದ ಅಷ್ಟು ದುಡ್ಡು ಕೊಟ್ಟನಂತೆ ಎಂದು ಆಸ್ಥಾನದವನೊಬ್ಬ ಆಡಿಕೊಂಡಾಗ, ಆ ಪೆದ್ದ ನಾನೇ ಎಂದನಂತೆ. ಬ್ರಿಟಿಷ್ ಮ್ಯೂಸಿಯಂ ಶುರುವಾದದ್ದೂ ಹ್ಯಾನ್ಸ್ ಸ್ಲೋನ್ ಎಂಬ ವೈದ್ಯ ಕೂಡಿಟ್ಟಿದ್ದ ಸಾಮಾನಿನಿಂದಲೇ. ಅವನು 1753ರಲ್ಲಿ ತೀರಿಕೊಂಡಾಗ ಸರ್ಕಾರ 20,000 ಪೌಂಡ್ ಕೊಟ್ಟು ಅದನ್ನು ಪಡೆಯಿತು.

ನಮ್ಮ ಕಡೆ ಈ ಹವ್ಯಾಸ ಇಲ್ಲವೇ ಇಲ್ಲ ಅಂತ ಇಲ್ಲಿನ ನಮ್ಮವರೇ ಹೇಳುವುದುಂಟು. ನಾನು ಒಪ್ಪುವುದಿಲ್ಲ. ಮೈಸೂರು ಕಡೆಯ ಹಳೇ ಮನೆಗಳ ಅಟ್ಟ ಹತ್ತಿ ನೋಡಲಿ. ಅಲ್ಲಿರುವ ಟ್ರಂಕಿನಲ್ಲಿ ಏನಿರುತ್ತದೆ? ದಸರಾ ಗೊಂಬೆಗಳು. ಅಜ್ಜಿ ಮದುವೆಯಲ್ಲಿ ತವರಿನಿಂದ ತಂದ ರಾಜ-ರಾಣಿಯ ಪಟ್ಟದ ಗೊಂಬೆ ಜೋಡಿ, ಚನ್ನಪಟ್ಟಣದ ಅರಗಿನ ಬಣ್ಣದವು, ಯಾರೋ ಕೊಪ್ಪಳಕ್ಕೆ ಹೋದಾಗ ತಂದ ಕಿನ್ನಾಳದ್ದು, ಮಣ್ಣಿನ ಶೆಟ್ಟಿ ದಂಪತಿ, ಮೂಗು ಮುಕ್ಕಾದ ಪೊಲೀಸು. ಒಂದೊಂದಾಗಿ ಸೇರುತ್ತಾ ಮೂರು ತಲೆಮಾರಿನಿಂದ ಬೆಳೆದದ್ದು. ಇದು ಸಂಗ್ರಹ ಅಲ್ಲದಿದ್ದರೆ ಇನ್ಯಾವುದು?

ಅಷ್ಟೇ ಅಲ್ಲ, ಇಲ್ಲಿನವರ ಗಾಜಿನ ಬೀರುವಿಗಿಂತ ನಮ್ಮ ಟ್ರಂಕೇ ಜಾಣತನದ್ದು ಅನ್ನುತ್ತೇನೆ. ಬೀರು ವರ್ಷವಿಡೀ ಕಣ್ಣೆದುರಿಗೇ ಇರುತ್ತದೆ. ಹಾಗಾಗಿ ಮನೆಯವರೇ ನೋಡುವುದಿಲ್ಲ. ಟ್ರಂಕು ತೆರೆಯುವುದು ನವರಾತ್ರಿಗೆ ಮಾತ್ರ. ಮೆಟ್ಟಿಲು ಜೋಡಿಸುವುದು, ಕೆಳಗೆ ರಾಗಿ ಚೆಲ್ಲಿ ಪಾರ್ಕು ಮಾಡುವುದು, ಎಲ್ಲಕ್ಕೂ ಮಕ್ಕಳೇ ಬೇಕು. ಸಂಜೆಯಾದರೆ ಬೀದಿ ಮಕ್ಕಳೆಲ್ಲ 'ರೀ, ಗೊಂಬೆ ಕೂರ್ಸಿದೀರಾ?' ಅಂತ ಬಾಗಿಲಿಗೆ ಬರುತ್ತಾರೆ. ಮುಟ್ಟಬೇಡ ಅಂತ ಬೈಸಿಕೊಂಡೇ ಬೆಳೆದ ಹುಡುಗಿಗೆ ಯಾವುದರ ಕೈ ಸಡಿಲ, ಯಾವುದನ್ನು ಗೋಡೆಗೆ ಒರಗಿಸಿ ನಿಲ್ಲಿಸಬೇಕು, ಎಲ್ಲಾ ಗೊತ್ತು. ಮುಂದೆ ಪಟ್ಟದ ಗೊಂಬೆ ನನಗೆ ಬೇಕು ಅಂತ ಜಗಳ ಆಡುವವಳೂ ಅವಳೇ. ಆಡಲಿ ಬಿಡಿ.

ಇಲ್ಲಿ ಅಂಥ ಜಗಳ ನಾನು ಕಂಡದ್ದು ಕಡಿಮೆ. ಅಪ್ಪ ಒಬ್ಬನೇ ರೂಮಿನಲ್ಲಿ ಕೂತು ಕೂಡಿಟ್ಟದ್ದು ಮಕ್ಕಳಿಗೆ ಹೊರೆ. ಅವನು ಹೋದ ಮೇಲೆ ಮನೆ ಖಾಲಿ ಮಾಡಿಕೊಡುವವರನ್ನು ಕರೆಸುತ್ತಾರೆ. ಕೆಲವು ವಾರದಲ್ಲಿ ಸಾಮಾನು ಹರಾಜಿಗೋ, ಭಾನುವಾರ ಕಾರಿನ ಡಿಕ್ಕಿಯಲ್ಲಿಟ್ಟು ಮಾರುವ ಸಂತೆಗೋ ಬಂದಿರುತ್ತದೆ.

ಆದರೆ ಒಂದು ವಿಷಯದಲ್ಲಿ ಇಲ್ಲಿನವರನ್ನು ಮೆಚ್ಚಲೇಬೇಕು. ನನ್ನ ಪಕ್ಕದ ಮನೆಯ ಮುದುಕರು ನಾಣ್ಯ ಇಡುವುದು ಮಹಾಗನಿ ಮರದ ಸಣ್ಣ ಬೀರುವಿನಲ್ಲಿ. ಓಕ್ ಮರ ಆಗದಂತೆ, ಅದರಿಂದ ಹೊರಡುವ ಆಮ್ಲದ ಆವಿ ಲೋಹವನ್ನು ತಿನ್ನುತ್ತದೆ. ತೆಳ್ಳಗಿನ ಹಲಗೆಯ ತುಂಬಾ ದುಂಡನೆಯ ಗುಳಿಗಳು, ಗುಳಿಗೊಂದು ನಾಣ್ಯ. ನಾಣ್ಯ ಎತ್ತಿದರೆ ಕೆಳಗೆ ಅಷ್ಟೇ ಅಗಲಕ್ಕೆ ಕತ್ತರಿಸಿದ ಕಾಗದದ ಚೀಟಿ. ಎಲ್ಲಿ ಕೊಂಡದ್ದು, ಯಾವಾಗ, ಎಷ್ಟಕ್ಕೆ, ಅದಕ್ಕೂ ಮುಂಚೆ ಯಾರ ಹತ್ತಿರ ಇತ್ತು, ಎಲ್ಲಾ ಇರುವೆ ಸಾಲಿನಂಥ ಅಕ್ಷರದಲ್ಲಿ. ಒಂದರ ಕೆಳಗೆ ಎರಡು ಚೀಟಿ ಇದ್ದವು. ಹಳೆಯದು ಹಿಂದಿನ ಮಾಲೀಕನದು, ಅದನ್ನೂ ಎಸೆದಿಲ್ಲ. ನಮ್ಮಲ್ಲಿ ತಾಮ್ರದ ಕಾಸನ್ನು ಹುಣಸೆಹಣ್ಣು ಹಾಕಿ ಫಳಫಳ ಉಜ್ಜುತ್ತಾರೆ ಎಂದಾಗ ಅವರ ಮುಖ ನೋಡಬೇಕಿತ್ತು! ಉಜ್ಜಿದರೆ ಮೇಲಿನ ಹಳೇ ಬಣ್ಣ ಹೋಗುತ್ತದೆ, ಜೊತೆಗೆ ಬೆಲೆಯೂ. ದೇವರ ಮನೆ ಪಾತ್ರೆಗೆ ಹುಣಸೆಹಣ್ಣು ಸರಿ, ಕಾಸಿಗೆ ಬೇಡ.

ನಮ್ಮ ಗೊಂಬೆಗೆ ಆ ಚೀಟಿ ಇಲ್ಲ. ಎಲ್ಲಾ ಬಾಯಲ್ಲೇ. ಅಜ್ಜಿ ಹೋದರೆ ಈ ಜೋಡಿ ಯಾರ ತವರಿನದು ಅಂತ ಹೇಳುವವರಿಲ್ಲ. ಎಷ್ಟೋ ಸಲ ಉಳಿದಿರುವ ದಾಖಲೆ ಗೊಂಬೆಗೆ ಸುತ್ತಿದ ಹಳೇ ಪೇಪರ್ ಒಂದೇ. ಅದರ ತಾರೀಖು ನೋಡಿ, ಆ ವರ್ಷ ಇದು ಮನೆಯಲ್ಲಿತ್ತು ಅಂತ ಲೆಕ್ಕ ಹಾಕಬೇಕು. ಆ ಪೇಪರೂ ಹಳದಿಯಾಗಿ ಮುಟ್ಟಿದರೆ ಪುಡಿಯಾಗುತ್ತದೆ. ಅದರ ಬದಲು ಒಗೆದ ಹಳೇ ಪಂಚೆ ಸುತ್ತಿ. ಒಳಗೊಂದು ಚೀಟಿ ಇಡಿ, ಯಾರು ಕೊಟ್ಟದ್ದು, ಯಾವ ವರ್ಷ ಅಂತ ಎರಡು ಸಾಲು ಸಾಕು. ಪೆನ್ಸಿಲ್ಲಿನಲ್ಲೇ ಬರೆಯಿರಿ. ಮಳೆಗಾಲದ ತೇವಕ್ಕೆ ಶಾಯಿ ಹರಡುತ್ತದೆ.

ಹೋದ ಸಲ ಊರಿಗೆ ಹೋದಾಗ ಅತ್ತಿಗೆಗೆ ಇದನ್ನೇ ಹೇಳಿದೆ. 'ಬರೆಯೋದ್ಯಾಕೆ, ನಂಗೆಲ್ಲಾ ಗೊತ್ತಲ್ಲ' ಅಂದರು. ನಿಮಗೆ ಗೊತ್ತು ಅಂತಲೇ ನಿಮ್ಮ ಕೈಲಿ ಬರೆಸಬೇಕು ಅಂದೆ. ಪೆನ್ಸಿಲ್ಲು ಕೊಟ್ಟು ಬಂದಿದ್ದೇನೆ. ಬರೀತಾರೋ ಇಲ್ವೋ, ಈ ದಸರಾಗೆ ಫೋನ್ ಮಾಡಿ ಕೇಳಬೇಕು.